ಅಪ್‌ಡೇಟ್ ಮಾಡ್ಬೇಡಿ ಮಾರಾಯ್ರೆ: ಒಂದು ಬುದ್ಧಿವಾದದ ಇತಿಹಾಸ

ಮಂಗಳೂರಿನಲ್ಲಿ ಒಮ್ಮೆಯಾದರೂ ಕಂಪ್ಯೂಟರನ್ನು ರಿಪೇರಿಗೆ ಕೊಟ್ಟವರಿಗೆ ಒಂದು ಮಾತು ಕೇಳಿ ಗೊತ್ತಿರುತ್ತದೆ. ಸಿಸ್ಟಮ್ ಸರಿ ಮಾಡಿ ಕೊಡುವಾಗ, ಬಿಲ್ಲಿನ ದುಡ್ಡು ಎಣಿಸುತ್ತಾ ಅಂಗಡಿಯವರು ಹೇಳುವ ಮಾತು: "ಈಗ ಸರಿ ಉಂಟು. ಆದ್ರೆ ಅಪ್‌ಡೇಟ್ ಮಾತ್ರ ಮಾಡ್ಬೇಡಿ ಮಾರಾಯ್ರೆ."

ಮಣ್ಣಗುಡ್ಡದಲ್ಲೂ ಇದೇ ಮಾತು, ಬಲ್ಲಾಳ್‌ಬಾಗ್‌ನಲ್ಲೂ ಇದೇ ಮಾತು. ಇದು ತಪ್ಪು ಸಲಹೆ, ಅಪಾಯಕಾರಿ ಸಲಹೆ ಅಂತ ಸೆಕ್ಯುರಿಟಿ ತಜ್ಞರು ಇಪ್ಪತ್ತು ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ತಜ್ಞರ ಮಾತು ಸರಿಯೇ. ಆದರೆ ಅಂಗಡಿಯವರು ಇದನ್ನು ಸುಮ್ಮನೆ ಹೇಳಲು ಶುರು ಮಾಡಲಿಲ್ಲ. ಅದರ ಹಿಂದೆ ಒಂದು ಇತಿಹಾಸ ಉಂಟು. ಡಾಟ್‌ನೆಟ್ ಫ್ರೇಮ್‌ವರ್ಕ್ ಎಂಬ ಒಂದು ಸಾಫ್ಟ್‌ವೇರ್, ನಮ್ಮ ಊರಿನ ಕರೆಂಟು, ಆಗಿನ ಇಂಟರ್ನೆಟ್ಟಿನ ವೇಗ, ಕನ್ನಡ ಅಕ್ಷರ, ಕಳ್ಳ ಸಿಡಿ ಎಲ್ಲ ಸೇರಿ ಆದ ಇತಿಹಾಸ. ಇವತ್ತಿನ ಸಂಚಿಕೆಯಲ್ಲಿ ಅದನ್ನೇ ನೋಡೋಣ.

ಮೊದಲು, ಈ ಫ್ರೇಮ್‌ವರ್ಕ್ ಅಂದರೆ ಎಂತದು? ಮದುವೆ ಅಡುಗೆಯವರನ್ನು ನೆನಪು ಮಾಡಿಕೊಳ್ಳಿ. ಕೆಲವು ಅಡುಗೆಯವರು ಬರುವಾಗ ಒಲೆ, ಕಡಾಯಿ, ಗ್ರೈಂಡರ್ ಎಲ್ಲ ಟೆಂಪೋದಲ್ಲಿ ಹಾಕಿಕೊಂಡೇ ಬರುತ್ತಾರೆ. ಇನ್ನು ಕೆಲವರು ಸೌಟು ಮಾತ್ರ ಹಿಡಿದುಕೊಂಡು ಬರುತ್ತಾರೆ, ಉಳಿದದ್ದೆಲ್ಲ ಹಾಲ್‌ನಲ್ಲಿ ಇರುತ್ತದೆ ಅಂತ ನಂಬಿ. ಡಾಟ್‌ನೆಟ್ ನಂಬಿಕೊಂಡ ಸಾಫ್ಟ್‌ವೇರು ಈ ಎರಡನೇ ಜಾತಿಯದ್ದು. ಬಿಲ್ಲಿಂಗ್ ಸಾಫ್ಟ್‌ವೇರಿನ ಫೈಲು ನಾಲ್ಕೈದು ಎಂಬಿ ಇರಬಹುದು. ಅದಕ್ಕೆ ಬೇಕಾದ ಒಲೆ, ಕಡಾಯಿ ಎಲ್ಲ ಡಾಟ್‌ನೆಟ್ ಎಂಬ ಹಾಲ್‌ನಲ್ಲಿ ಇರಬೇಕು. ಹಾಲ್ ಇಲ್ಲದಿದ್ದರೆ ಅಡುಗೆ ಇಲ್ಲ. ಹಾಲ್ ಇದ್ದೂ ಅಲ್ಲಿನ ಒಂದು ಒಲೆ ಕೆಟ್ಟಿದ್ದರೂ ಇಲ್ಲ.

ಹೀಗೊಂದು ವ್ಯವಸ್ಥೆ ಯಾಕೆ ಬೇಕಾಯಿತು ಅಂದರೆ ಹಳೆಯ ಪದ್ಧತಿಯೂ ಕೆಟ್ಟು ಹೋಗಿತ್ತು. ವಿಂಡೋಸ್ 95, ವಿಂಡೋಸ್ 98ರ ಕಾಲದಲ್ಲಿ ಪ್ರತಿ ಸಾಫ್ಟ್‌ವೇರೂ ತನಗೆ ಬೇಕಾದ ಡಿಎಲ್‌ಎಲ್ ಫೈಲುಗಳನ್ನು ತಂದು ವಿಂಡೋಸಿನ ಒಂದೇ ಸಿಸ್ಟಮ್ ಫೋಲ್ಡರಿಗೆ ಸುರಿಯುತ್ತಿತ್ತು. ಒಂದು ಸಾಫ್ಟ್‌ವೇರು ತಂದ ಫೈಲು, ಅದೇ ಹೆಸರಿನ ಇನ್ನೊಂದು ಸಾಫ್ಟ್‌ವೇರಿನ ಫೈಲಿನ ಮೇಲೆ ಕುಳಿತುಬಿಡುತ್ತಿತ್ತು. ಹೊಸದು ಹಾಕಿದರೆ ಹಳೆಯದು ಕೆಡುತ್ತದೆ, ಹೊಸದನ್ನು ತೆಗೆದರೆ ಎರಡೂ ಕೆಡುತ್ತವೆ. ಇದಕ್ಕೆ ಇಂಗ್ಲಿಷಿನಲ್ಲಿ 'ಡಿಎಲ್‌ಎಲ್ ಹೆಲ್' ಅಂತಲೇ ಹೆಸರು, ಅಂದರೆ ಡಿಎಲ್‌ಎಲ್ ನರಕ. ಈ ನರಕದಿಂದ ಪಾರಾಗಲು ಮೈಕ್ರೋಸಾಫ್ಟ್ ಎರಡು ಹೆಜ್ಜೆ ಇಟ್ಟಿತು. 1999ರಲ್ಲಿ ಆಫೀಸ್ 2000ದ ಜೊತೆಗೆ ವಿಂಡೋಸ್ ಇನ್‌ಸ್ಟಾಲರ್ ಬಂತು. ಯಾವ ಸಾಫ್ಟ್‌ವೇರು ಯಾವ ಫೈಲು ಹಾಕಿತು ಎಂಬ ಲೆಕ್ಕ ಇಡುವ ಗುಮಾಸ್ತ ಅದು. 2002ರ ಫೆಬ್ರವರಿಯಲ್ಲಿ ಡಾಟ್‌ನೆಟ್ ಫ್ರೇಮ್‌ವರ್ಕ್ 1.0 ಬಂತು. ಇದರ ಭರವಸೆ ಬಹಳ ಚಂದ ಇತ್ತು: 1.0, 1.1, 2.0 ಎಲ್ಲ ಒಂದೇ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇರಬಹುದು, ಒಂದರ ತಂಟೆಗೆ ಇನ್ನೊಂದು ಬರುವುದಿಲ್ಲ.

ಅಕ್ಕಪಕ್ಕ ಇದ್ದವು, ಸರಿ. ಆದರೆ ಅಷ್ಟನ್ನೂ ಇನ್‌ಸ್ಟಾಲ್ ಮಾಡುವವರು ಯಾರು?

ಇಲ್ಲಿ ಒಂದು ತಮಾಷೆ ಹೇಳಬೇಕು. ಬೆಂಗಳೂರಿನ ಹೊರಗೆ ಇನ್ಫೋಸಿಸ್ ತನ್ನ ಮೊದಲ ಡೆವಲಪ್‌ಮೆಂಟ್ ಸೆಂಟರ್ ತೆರೆದದ್ದು ನಮ್ಮ ಮಂಗಳೂರಿನಲ್ಲಿ, 1995ರಲ್ಲಿ, ಕೊಟ್ಟಾರದಲ್ಲಿ. ಮಣ್ಣಗುಡ್ಡದಿಂದ ಅದು ರಿಕ್ಷಾ ಹತ್ತಿದರೆ ಮುಗಿಯುವ ದಾರಿ. ಅಲ್ಲಿ ಕುಳಿತವರು ಅಮೆರಿಕದ ಕಂಪನಿಗಳಿಗೆ ಸಾಫ್ಟ್‌ವೇರು ಬರೆಯುತ್ತಿದ್ದರು. ಇಲ್ಲಿ ಅಂಗಡಿಯಲ್ಲಿ ಕುಳಿತ ಹುಡುಗರು ಅಮೆರಿಕದ ಕಂಪನಿಯ ಸಾಫ್ಟ್‌ವೇರು ಯಾಕೆ ಇನ್‌ಸ್ಟಾಲ್ ಆಗುವುದಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಿದ್ದರು. ಮೊದಲನೆಯ ಇತಿಹಾಸ ಬೇಕಾದಷ್ಟು ಸಲ ಬರೆದಾಗಿದೆ. ಎರಡನೆಯದನ್ನು ಬರೆದವರು ಕಡಿಮೆ.

ಈಗ ಗಾತ್ರದ ವಿಷಯಕ್ಕೆ ಬರೋಣ, ಯಾಕೆಂದರೆ ಅರ್ಧ ಕಷ್ಟ ಇರುವುದು ಅಲ್ಲೇ. 2003ರ 1.1 ಆವೃತ್ತಿ, 2005ರ 2.0 ಆವೃತ್ತಿ ಇವೆರಡೂ ಇಪ್ಪತ್ತೆರಡು, ಇಪ್ಪತ್ತಮೂರು ಎಂಬಿ ಗಾತ್ರದವು. ಡಯಲ್‌ಅಪ್ ಇದ್ದವರು ಒಂದು ಗಂಟೆಗಿಂತ ಹೆಚ್ಚು ಹೊತ್ತು ಫೋನು ಎಂಗೇಜ್ ಮಾಡಿ ಇಳಿಸಬಹುದಿತ್ತು. 2007ರ ನವೆಂಬರಿನಲ್ಲಿ 3.5 ಬಂತು, 2008ರ ಆಗಸ್ಟಿನಲ್ಲಿ ಅದರ ಸರ್ವಿಸ್ ಪ್ಯಾಕ್ 1. ಅದರ ಪೂರ್ತಿ ಫೈಲು 231 ಎಂಬಿ! ಅಷ್ಟು ದೊಡ್ಡದು ಬೇಡ ಅನ್ನುವವರಿಗೆ ಸುಮಾರು ಮೂರು ಎಂಬಿಯ ಸಣ್ಣ ಸೆಟಪ್ ಫೈಲೂ ಇತ್ತು. ಜನ ಪಾಪ ಅದನ್ನೇ ಇಳಿಸುತ್ತಿದ್ದರು. ಆದರೆ ಅದು ಖಾಲಿ ಚೀಲ. ಡಬಲ್ ಕ್ಲಿಕ್ ಮಾಡಿದ ಮೇಲೆ ಸಾಮಾನು ತರಲು ಮತ್ತೆ ಇಂಟರ್ನೆಟ್ಟಿಗೇ ಹೋಗುತ್ತಿತ್ತು.

ಆಗಿನ ಇಂಟರ್ನೆಟ್ ಎಷ್ಟು? 2004ರ ಕೇಂದ್ರ ಸರಕಾರದ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದು ಬ್ರಾಡ್‌ಬ್ಯಾಂಡ್. ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಡೇಟಾಒನ್ ಶುರು ಮಾಡಿದ್ದು ಈ ವೇಗದಲ್ಲೇ. ಲೆಕ್ಕ ಹಾಕಿ ನೋಡಿ: 231 ಎಂಬಿ ಇಳಿಯಲು, ಲೈನು ಒಂದು ಕ್ಷಣವೂ ತೊದಲದಿದ್ದರೆ, ಎರಡು ಗಂಟೆ. ಡಯಲ್‌ಅಪ್ ಆದರೆ ಒಂಬತ್ತು ಗಂಟೆಗೂ ಮೇಲೆ. ಜೊತೆಗೆ ತಿಂಗಳಿಗೆ ಇಂತಿಷ್ಟು ಡೇಟಾ ಎಂಬ ಮಿತಿ. ಕೆಲವು ಪ್ಲಾನ್‌ಗಳಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರ ತನಕ ಇಳಿಸಿದ್ದಕ್ಕೆ ಲೆಕ್ಕ ಇರುತ್ತಿರಲಿಲ್ಲ. ಹಾಗಾಗಿ ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಎದ್ದು, ಡೌನ್‌ಲೋಡ್ ಒತ್ತಿ ಮತ್ತೆ ಮಲಗುವವರ ಒಂದು ತಲೆಮಾರೇ ಇತ್ತು. ಈ ಸಂಚಿಕೆ ಕೇಳುತ್ತಿರುವ ನಲವತ್ತು ದಾಟಿದವರು ಈಗ ತಲೆ ಆಡಿಸುತ್ತಿರಬಹುದು.

ಇದರ ಮೇಲೆ ಕರಾವಳಿಯ ಹವಾಮಾನ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಮೊದಲು ಮಾಡುವ ಕೆಲಸ ಮೋಡೆಮ್ಮಿನ ವೈರು ಎಳೆಯುವುದು. ಫೋನಿನ ಲೈನಿನಲ್ಲಿ ಸಿಡಿಲು ಬಂದು ಮೋಡೆಮ್, ಅದರ ಹಿಂದೆ ಮದರ್‌ಬೋರ್ಡ್ ಸುಟ್ಟ ಕತೆ ಪ್ರತಿ ಓಣಿಯಲ್ಲೂ ಒಂದಿದೆ. ಅದು ತಪ್ಪಿದರೂ ಕರೆಂಟು ಹೋಗುತ್ತದೆ. ಯುಪಿಎಸ್ ಇದ್ದರೆ ಹತ್ತು ನಿಮಿಷ. ಡಾಟ್‌ನೆಟ್ ಇನ್‌ಸ್ಟಾಲ್ ಆಗುವುದಕ್ಕೆ ಆ ಕಾಲದ ಕಂಪ್ಯೂಟರಿನಲ್ಲಿ ಹತ್ತು ನಿಮಿಷ ಯಾವ ಮೂಲೆಗೂ ಸಾಲದು.

ಇನ್‌ಸ್ಟಾಲ್ ನಡುವೆ ಕರೆಂಟು ಹೋದರೆ ಎಂತ ಆಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗಲೇ ಹೇಳಿದ ಗುಮಾಸ್ತ, ವಿಂಡೋಸ್ ಇನ್‌ಸ್ಟಾಲರ್, ಕೆಲಸ ಅರ್ಧದಲ್ಲಿ ನಿಂತರೆ ಮಾಡಿದ್ದನ್ನೆಲ್ಲ ವಾಪಸ್ ತೆಗೆದು ಮೊದಲಿನ ಹಾಗೆ ಇಡಬೇಕು. ಅದಕ್ಕೆ ರೋಲ್‌ಬ್ಯಾಕ್ ಅನ್ನುತ್ತಾರೆ. ಕಂಪ್ಯೂಟರ್ ದಿಢೀರನೆ ಆಫ್ ಆದರೆ ಈ ವಾಪಸಾತಿಯೂ ಅರ್ಧಕ್ಕೆ ನಿಲ್ಲಬಹುದು. ಆಗ ಲೆಕ್ಕದ ಪುಸ್ತಕದಲ್ಲಿ ಒಂದು, ಗೋಡೌನಿನಲ್ಲಿ ಇನ್ನೊಂದು. ಮತ್ತೆ ಇನ್‌ಸ್ಟಾಲ್ ಮಾಡಲು ಹೋದರೆ 'ಇದು ಆಗಲೇ ಇದೆ' ಅನ್ನುತ್ತದೆ. ಸರಿ, ತೆಗೆಯೋಣ ಅಂದರೆ 'ಇಲ್ಲದ್ದನ್ನು ಹೇಗೆ ತೆಗೆಯಲಿ' ಅನ್ನುತ್ತದೆ. ಕೆಲವೊಮ್ಮೆ 1618 ಎಂಬ ಸಂಖ್ಯೆ ತೋರಿಸುತ್ತದೆ, ಬೇರೆ ಯಾವುದೋ ಇನ್‌ಸ್ಟಾಲ್ ನಡೆಯುತ್ತಿದೆ, ಅದು ಮುಗಿಯಲಿ ಅಂತ. ಇನ್ನು ಕೆಲವೊಮ್ಮೆ 1603. ಅದರ ಅರ್ಥ 'ಏನೋ ಭಾರೀ ತೊಂದರೆ ಆಗಿದೆ' ಅಂತ ಮಾತ್ರ. ಡಾಕ್ಟರರ ಹತ್ತಿರ ಹೋದಾಗ ಅವರು 'ನಿಮಗೆ ಹುಷಾರಿಲ್ಲ' ಅಂತ ಹೇಳಿ ಕಳಿಸಿದ ಹಾಗೆ.

ಇನ್‌ಸ್ಟಾಲ್ ಸರಿಯಾಗಿ ಮುಗಿದರೂ ಒಂದು ತೊಂದರೆ. ಡಾಟ್‌ನೆಟ್ ತನ್ನ ಫೈಲುಗಳನ್ನು ಆ ಕಂಪ್ಯೂಟರಿಗೆ ತಕ್ಕ ಹಾಗೆ ಹಿಂದಿನಿಂದ ಕಂಪೈಲ್ ಮಾಡಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಎಂಎಸ್‌ಕೋರ್‌ಎಸ್‌ವಿಡಬ್ಲ್ಯು ಎಂಬ ಓದಲಿಕ್ಕೇ ಆಗದ ಹೆಸರಿನ ಒಂದು ಪ್ರೋಗ್ರಾಮ್ ಪ್ರೊಸೆಸರನ್ನೆಲ್ಲ ತಿನ್ನುತ್ತಾ ಕುಳಿತಿರುತ್ತದೆ. ಸುಮ್ಮನೆ ಬಿಟ್ಟರೆ ಕೆಲಸ ಮುಗಿಸಿ ತಾನೇ ಹೋಗುತ್ತದೆ. ಆದರೆ ಗಿರಾಕಿಗೆ ಇದನ್ನು ಯಾರೂ ಹೇಳಿರುವುದಿಲ್ಲ. "ಅಣ್ಣಾ, ನೀವು ಎಂತದೋ ಹಾಕಿದ ಮೇಲೆ ಸಿಸ್ಟಮ್ ಸ್ಲೋ ಆಗಿದೆ, ವೈರಸ್ ಬಂದಿದೆ" ಅಂತ ಮರುದಿನ ಅಂಗಡಿಗೆ ಫೋನು. ಅಪ್‌ಡೇಟ್ ಅಂದರೆ ಸ್ಲೋ ಎಂಬ ಗಾದೆ ಹುಟ್ಟಲು ಇಷ್ಟು ಸಾಕು.

ಇಷ್ಟು ಹೇಳಿದ್ದು ಎಲ್ಲ ಊರಿನವರ ಕಷ್ಟ. ಕನ್ನಡದವರಿಗೆ ಇದರ ಮೇಲೆ ಇನ್ನೊಂದು ಪದರ ಇತ್ತು.

ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ ಕೆಲಸದಲ್ಲಿ ದೊಡ್ಡ ಹೆಸರು ನಮ್ಮವರದೇ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್. ಕನ್ನಡಕ್ಕೆ ತರ್ಕಬದ್ಧವಾದ ಕೀಬೋರ್ಡ್ ವಿನ್ಯಾಸ ಕೊಟ್ಟವರು ಅವರು, ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟವರು. ಅದನ್ನು ಉಚಿತವಾಗಿಯೇ ಬಿಟ್ಟುಕೊಟ್ಟರು. ಇವತ್ತು ನುಡಿ ಕೀಬೋರ್ಡ್ ಅಂತ ನಾವು ಕುಟ್ಟುವುದು ಅದೇ ವಿನ್ಯಾಸದಿಂದ ಬಂದದ್ದು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಇವುಗಳ ಮೊದಲ ಕಾಲದ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿದ್ದವು. ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಿರಲಿಲ್ಲ, ಚಿತ್ರ ಬದಲಾಗಿದೆ ಅಷ್ಟೆ. ಹಾಗಾಗಿ ಯಾವ ಹಳೆಯ ಯಂತ್ರದಲ್ಲಾದರೂ ನಡೆಯುತ್ತಿತ್ತು.

ಯುನಿಕೋಡ್ ಬಂದ ಮೇಲೆ ಹಾಗಲ್ಲ. ಒತ್ತಕ್ಷರ, ಕಾಗುಣಿತ ಕೂಡಿಸುವ ಕೆಲಸವನ್ನು ಆಪರೇಟಿಂಗ್ ಸಿಸ್ಟಮ್ಮೇ ಮಾಡಬೇಕು. ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಇತ್ತು, ಕನ್ನಡ ಇರಲಿಲ್ಲ. ಕನ್ನಡ ಬಂದದ್ದು 2001ರ ಅಕ್ಟೋಬರಿನಲ್ಲಿ, ವಿಂಡೋಸ್ ಎಕ್ಸ್‌ಪಿಯಲ್ಲಿ, 'ತುಂಗಾ' ಫಾಂಟಿನ ಜೊತೆಗೆ. ಬಂತು ನಿಜ, ಆದರೆ ಬೀಗ ಹಾಕಿದ ಕೋಣೆಯಲ್ಲಿ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ರೀಜನಲ್ ಸೆಟ್ಟಿಂಗ್ಸ್ ತೆರೆದು, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬ ಚೌಕಕ್ಕೆ ಟಿಕ್ ಹಾಕಬೇಕು. ಹಾಕಿದ ಕೂಡಲೇ ಅದು ಕೇಳುತ್ತದೆ: ವಿಂಡೋಸ್ ಸಿಡಿ ಹಾಕಿ. ಸಿಡಿ ಎಲ್ಲಿ? ಸಿಸ್ಟಮ್ ಅಸೆಂಬಲ್ ಮಾಡಿ ಕೊಟ್ಟವರ ಹತ್ತಿರ. ಅವರ ಹತ್ತಿರವಾದರೂ ಇರುವುದು ಯಾವುದೋ ಕಾಪಿ. ಅದರಲ್ಲಿ ಐ386 ಎಂಬ ಫೋಲ್ಡರ್ ಪೂರ್ತಿ ಇದ್ದರೆ ಪುಣ್ಯ. ಇಲ್ಲದಿದ್ದರೆ ಫೈಲು ಸಿಗಲಿಲ್ಲ ಅಂತ ಒಂದರ ಹಿಂದೆ ಒಂದು ಪೆಟ್ಟಿಗೆ. ಮಂಗಳೂರಿನ ಹುಡುಗ ದುಬೈಯಿಂದ ಕನ್ನಡದಲ್ಲಿ ಕಳಿಸಿದ ಮೇಲ್ ಮಣ್ಣಗುಡ್ಡದ ಮನೆಯಲ್ಲಿ ಚೌಕ ಚೌಕವಾಗಿ ಕಾಣುತ್ತಿದ್ದುದು ಇದೇ ಕಾರಣಕ್ಕೆ. ಭಾರತೀಯ ಭಾಷೆಗಳ ಅಕ್ಷರ ಸರಿ ಕೂಡದಿದ್ದರೆ ಹೊಸ ಆಫೀಸ್ ಪ್ಯಾಕೇಜಿನಿಂದ ಯುಎಸ್‌ಪಿ10 ಎಂಬ ಡಿಎಲ್‌ಎಲ್ ಫೈಲನ್ನು ಕದ್ದು ತಂದು ವಿಂಡೋಸಿನ ಒಳಗೆ ಹಾಕುವ ಮದ್ದು ಕೂಡಾ ಆಗ ಬಳಕೆಯಲ್ಲಿತ್ತು. ಅಂದರೆ ಡಿಎಲ್‌ಎಲ್ ನರಕದಿಂದ ಪಾರಾಗುವ ಕಾಲದಲ್ಲಿ ಭಾಷೆಗೋಸ್ಕರ ನಾವಾಗಿಯೇ ಆ ನರಕಕ್ಕೆ ವಾಪಸ್ ಹೋದೆವು!

ಪ್ರಿಂಟಿಂಗ್ ಪ್ರೆಸ್, ಡಿಟಿಪಿ ಸೆಂಟರ್‌ಗಳ ಪಾಡು ಇನ್ನೂ ಬಿಗಿ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಬ್ರಹ್ಮಕಲಶೋತ್ಸವದ ಆಮಂತ್ರಣ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲ ಆಗುತ್ತಿದ್ದದ್ದು ಪೇಜ್‌ಮೇಕರಿನಲ್ಲಿ. 2001ರ ಪೇಜ್‌ಮೇಕರ್ 7 ಕೊನೆಯದು, ಅಡೋಬ್ ಮುಂದೆ ಮಾಡಲಿಲ್ಲ. ಅದಕ್ಕೆ ಯುನಿಕೋಡ್ ಗೊತ್ತಿಲ್ಲ. ಅದರ ಜೊತೆಗೆ ಶ್ರೀಲಿಪಿಯಂಥ ಫಾಂಟ್ ಪ್ಯಾಕೇಜು, ಅದಕ್ಕೊಂದು ಡಾಂಗಲ್, ಅಂದರೆ ಪ್ರಿಂಟರ್ ಪೋರ್ಟಿಗೆ ಚುಚ್ಚುವ ಬೀಗದ ಕೈ. ಆ ಡಾಂಗಲಿಗೆ ಡ್ರೈವರ್ ಬೇಕು. ವಿಂಡೋಸ್ ಬದಲಾಯಿಸಿದರೆ, 64 ಬಿಟ್ಟಿಗೆ ಹೋದರೆ, ಡ್ರೈವರ್ ಇಲ್ಲ. ಡ್ರೈವರ್ ಇಲ್ಲದಿದ್ದರೆ ಫಾಂಟ್ ಇಲ್ಲ. ಫಾಂಟ್ ಇಲ್ಲದಿದ್ದರೆ ಹದಿನೈದು ವರ್ಷದ ಫೈಲುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರದ ರಾಶಿ. ನಾಳೆ ಮುಹೂರ್ತ ಇರುವ ಮದುವೆಯ ಕಾಗದ ಕಂಪ್ಯೂಟರಿನೊಳಗೆ ಕುಳಿತಿರುವಾಗ ಯಾವ ಅಂಗಡಿಯವರು ಅಪ್‌ಡೇಟ್ ಒತ್ತುತ್ತಾರೆ ಹೇಳಿ?

ಇಷ್ಟೆಲ್ಲ ಹೇಳಿ ಕಳ್ಳ ಸಿಡಿಯ ಮಾತು ಬಿಟ್ಟರೆ ಇತಿಹಾಸಕ್ಕೆ ಮೋಸ. ಆ ಕಾಲದ ಬಹಳಷ್ಟು ಮನೆ, ಅಂಗಡಿಗಳಲ್ಲಿ ಇದ್ದದ್ದು ಲೈಸೆನ್ಸ್ ಇಲ್ಲದ ವಿಂಡೋಸ್. 2005ರ ಜುಲೈಯಿಂದ ಮೈಕ್ರೋಸಾಫ್ಟ್ ಹೆಚ್ಚಿನ ಡೌನ್‌ಲೋಡುಗಳಿಗೆ 'ಜೆನ್ಯುಯಿನ್' ತಪಾಸಣೆ ಕಡ್ಡಾಯ ಮಾಡಿತು. 2006ರಿಂದ ಸ್ಕ್ರೀನಿನ ಮೂಲೆಯಲ್ಲಿ, ನಿಮ್ಮದು ಅಸಲಿ ಅಲ್ಲ ಅಂತ ನೆನಪಿಸುವ ಗುಳ್ಳೆಯೂ ಬರತೊಡಗಿತು. ಇಲ್ಲೊಂದು ಸೂಕ್ಷ್ಮ ಉಂಟು. ಗಂಭೀರ ಭದ್ರತಾ ಅಪ್‌ಡೇಟುಗಳನ್ನು ಮೈಕ್ರೋಸಾಫ್ಟ್ ನಕಲಿ ಪ್ರತಿಗಳಿಗೂ ಆಟೋಮ್ಯಾಟಿಕ್ ಅಪ್‌ಡೇಟಿನ ಮೂಲಕ ಕೊಡುತ್ತಿತ್ತು. ಆದರೆ ಆ ಗುಳ್ಳೆ ಬರುತ್ತಿದ್ದುದೂ ಅದೇ ದಾರಿಯಲ್ಲಿ. ಗುಳ್ಳೆ ಬೇಡ ಅಂತ ದಾರಿಯನ್ನೇ ಮುಚ್ಚಿದರು. ಫಾರ್ಮ್ಯಾಟ್ ಮಾಡಿ ಕೊಡುವಾಗ ಅಪ್‌ಡೇಟ್ ಆಫ್ ಮಾಡುವುದು ಅಂಗಡಿಯ ಸರ್ವಿಸಿನ ಒಂದು ಭಾಗವೇ ಆಯಿತು. ಇದರ ಪಾಪ ಅರ್ಧ ನಮ್ಮದು.

ಉಳಿದರ್ಧ ಯಾರದ್ದು ಅಂದರೆ, ಅಪ್‌ಡೇಟ್ ಕಳಿಸುವವರದು. ಅವರೂ ನಂಬಿಕೆ ಉಳಿಸಿಕೊಳ್ಳಲಿಲ್ಲ. 2009ರ ಫೆಬ್ರವರಿಯಲ್ಲಿ ಡಾಟ್‌ನೆಟ್ 3.5ರ ಸರ್ವಿಸ್ ಪ್ಯಾಕ್ ಅಪ್‌ಡೇಟಾಗಿ ಬಂದಾಗ, ಯಾರನ್ನೂ ಕೇಳದೆ ಫೈರ್‌ಫಾಕ್ಸ್ ಬ್ರೌಸರಿನೊಳಗೆ ಒಂದು ಎಕ್ಸ್‌ಟೆನ್ಶನ್ ಹಾಕಿಬಿಟ್ಟಿತು. ಅದನ್ನು ತೆಗೆಯುವ ಬಟನ್ನೂ ಕೆಲಸ ಮಾಡುತ್ತಿರಲಿಲ್ಲ. ಕೊನೆಗೆ ಅದೇ ವರ್ಷ ಅಕ್ಟೋಬರಿನಲ್ಲಿ, ಜೊತೆಯ ಪ್ಲಗಿನ್ನಿನಲ್ಲಿ ಭದ್ರತಾ ದೋಷ ಕಂಡ ಮೇಲೆ, ಮೊಜಿಲ್ಲಾ ಸಂಸ್ಥೆಯೇ ಅದನ್ನು ತಡೆಹಿಡಿಯಬೇಕಾಯಿತು. 2016ರಲ್ಲಿ ವಿಂಡೋಸ್ 10ಕ್ಕೆ ಬನ್ನಿ ಅಂತ ಕರೆಯುವ ಪೆಟ್ಟಿಗೆಯನ್ನು ಮುಚ್ಚಲು ಮೂಲೆಯ ಗುಣಿಸು ಚಿಹ್ನೆ ಒತ್ತಿದರೆ, ಅದನ್ನೇ ಒಪ್ಪಿಗೆ ಅಂತ ಲೆಕ್ಕ ಹಿಡಿದ ಒಂದು ಕಾಲವೂ ಇತ್ತು. ರಾತ್ರಿ ಮಲಗುವಾಗ ವಿಂಡೋಸ್ 7, ಬೆಳಗ್ಗೆ ಏಳುವಾಗ 10. 2018ರ ಅಕ್ಟೋಬರ್ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ ಫೋಲ್ಡರಿನ ಫೈಲುಗಳನ್ನೇ ಅಳಿಸಿ ಹಾಕಿತು. ನಾಲ್ಕೇ ದಿನದಲ್ಲಿ ಅದನ್ನು ನಿಲ್ಲಿಸಿದರು, ಆದರೆ ಫೈಲು ಕಳೆದುಕೊಂಡವರಿಗೆ ನಾಲ್ಕು ದಿನ ಸಾಕಾಗಿತ್ತು.

ನನ್ನ ಪ್ರಕಾರ ಇವೆಲ್ಲದಕ್ಕಿಂತ ಹೆಚ್ಚು ಪಾಠ ಕಲಿಸಿದ್ದು 2014ರ ಒಂದು ಘಟನೆ. ಅದು ಸುದ್ದಿಯಾಗಲಿಲ್ಲ, ಅಂಗಡಿಯವರಿಗೆ ಮಾತ್ರ ಗೊತ್ತು. ಅದಕ್ಕೆ ಹಿನ್ನೆಲೆ ಹೇಳಬೇಕು. 2012ರ ಅಕ್ಟೋಬರಿನಲ್ಲಿ ವಿಂಡೋಸ್ 8 ಬಂದಾಗ ಅದರಲ್ಲಿ ಡಾಟ್‌ನೆಟ್ 4.5 ಸಿದ್ಧ ಇತ್ತು, ಆದರೆ 3.5 ಇರಲಿಲ್ಲ. ಬೇಕಾದವರು ಆನ್ ಮಾಡಿಕೊಳ್ಳಬೇಕು. ವಿಂಡೋಸ್ 10ರಲ್ಲೂ ಹೀಗೇ. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರುಗಳಿಗೆ ಬೇಕಾದ್ದು ಮಾತ್ರ ಆ 3.5ರೇ, ಅದರೊಳಗಿನ 2.0. ಹೊಸ 4.5 ಇದ್ದರೆ ಸಾಲದಾ ಅಂತ ಗಿರಾಕಿ ಕೇಳುತ್ತಾರೆ. ಸಾಲದು. ದೊಡ್ಡ ಹಾಲ್ ಇದೆ ನಿಜ, ಆದರೆ ಈ ಅಡುಗೆಯವರಿಗೆ ಹಳೆಯ ಒಲೆಯೇ ಆಗಬೇಕು.

ಆನ್ ಮಾಡಲು ಹೋದರೆ ವಿಂಡೋಸ್ ಆ ಫೈಲುಗಳನ್ನು ಇಂಟರ್ನೆಟ್ಟಿನಿಂದ ತರಲು ನೋಡುತ್ತದೆ. ತರಲು ಆಗದಿದ್ದರೆ ಒಂದು ಕೋಡ್: ಸೊನ್ನೆ ಎಕ್ಸ್ 800 ಎಫ್ 0906. ತಂದ ಜಾಗದಲ್ಲಿ ಬೇಕಾದ ಫೈಲು ಸಿಗದಿದ್ದರೆ ಇನ್ನೊಂದು: ಸೊನ್ನೆ ಎಕ್ಸ್ 800 ಎಫ್ 081 ಎಫ್. ಸರ್ವಿಸ್ ಹುಡುಗರಿಗೆ ಈ ಎರಡೂ ಸ್ವಂತ ಮೊಬೈಲ್ ನಂಬರಿನ ಹಾಗೆ ಬಾಯಿಗೆ ಬರುತ್ತವೆ. ಮದ್ದು ಏನೆಂದರೆ ವಿಂಡೋಸಿನ ಡಿವಿಡಿ ಅಥವಾ ಪೆನ್‌ಡ್ರೈವ್ ಚುಚ್ಚುವುದು, ಕಪ್ಪು ಕಮಾಂಡ್ ಕಿಟಕಿಯನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯುವುದು, ಡಿಸ್ಮ್ ಎಂಬ ಸಲಕರಣೆಗೆ 'ಇಂಟರ್ನೆಟ್ಟಿಗೆ ಹೋಗಬೇಡ, ಈ ಡ್ರೈವಿನ ಸೋರ್ಸಸ್ ಫೋಲ್ಡರಿನೊಳಗೆ ಎಸ್‌ಎಕ್ಸ್‌ಎಸ್ ಉಂಟು, ಅಲ್ಲಿಂದ ತೆಗೆದುಕೋ' ಅಂತ ಹೇಳುವುದು. ಇದರಲ್ಲೂ ಒಂದು ಗುಟ್ಟು: ಪೆನ್‌ಡ್ರೈವಿನ ವಿಂಡೋಸ್ ಮತ್ತು ಕಂಪ್ಯೂಟರಿನ ವಿಂಡೋಸ್ ಒಂದೇ ಆವೃತ್ತಿ ಇರಬೇಕು. ಬೇರೆ ಆದರೆ ಮತ್ತೆ ಅದೇ 081 ಎಫ್. ಎಷ್ಟೋ ಜನ ಇದು ಗೊತ್ತಿಲ್ಲದೆ ಕೊನೆಗೆ ಫಾರ್ಮ್ಯಾಟ್ ಮಾಡಿದ್ದಾರೆ.

ಸರಿ, ಈ ಮದ್ದು ಎಲ್ಲರಿಗೂ ಗೊತ್ತಾಗಿ, ನಡೆಯುತ್ತಾ ಇತ್ತು. 2014ರ ಆಗಸ್ಟಿನಲ್ಲಿ ಡಾಟ್‌ನೆಟ್‌ಗೆ ಒಂದು ಭದ್ರತಾ ಅಪ್‌ಡೇಟ್ ಬಂತು. ಅದನ್ನು ಹಾಕಿಕೊಂಡ ವಿಂಡೋಸ್ 8 ಯಂತ್ರಗಳಲ್ಲಿ ಈ ಡಿವಿಡಿ ಮದ್ದೂ ಕೆಲಸ ಮಾಡುವುದನ್ನು ನಿಲ್ಲಿಸಿತು. ಸರಿಯಾದ ಡಿವಿಡಿ, ಸರಿಯಾದ ಕಮಾಂಡ್, ಆದರೂ ಅದೇ ಕೋಡ್. ಪರಿಹಾರ ಏನು? ಅಪ್‌ಡೇಟನ್ನು ತೆಗೆದುಹಾಕು, 3.5 ಆನ್ ಮಾಡು, ಮತ್ತೆ ಅಪ್‌ಡೇಟ್ ಹಾಕು. ಸುಮಾರು ಒಂದು ತಿಂಗಳ ಮೇಲೆ ಮೈಕ್ರೋಸಾಫ್ಟ್ ಅದಕ್ಕೊಂದು ಸರಿಪಡಿಕೆ ಬಿಟ್ಟಿತು. ಇಲ್ಲಿ ಕರೆಂಟಿನ ತಪ್ಪಿಲ್ಲ, ನೆಟ್ಟಿನ ತಪ್ಪಿಲ್ಲ, ನಕಲಿ ಸಿಡಿಯ ತಪ್ಪೂ ಇಲ್ಲ. ಲೈಸೆನ್ಸ್ ಕೊಂಡು, ಹೇಳಿದ ಹಾಗೆ ಅಪ್‌ಡೇಟ್ ಮಾಡಿದವರೇ ಸಿಕ್ಕಿಬಿದ್ದರು. ಮಾಡದವರು ಆರಾಮ ಇದ್ದರು. ಇದಾದ ಮೇಲೆ "ಅಪ್‌ಡೇಟ್ ಮಾಡ್ಬೇಡಿ" ಅಂದರೆ ಯಾವ ಬಾಯಿಂದ ಬೇಡ ಅನ್ನುವುದು?

ಕೆಟ್ಟ ಡಾಟ್‌ನೆಟ್ ಸರಿ ಮಾಡುವ ವಿದ್ಯೆಯಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಆರನ್ ಸ್ಟೆಬ್ನರ್, ಮೈಕ್ರೋಸಾಫ್ಟಿನ ಒಳಗಿನವರೇ. ಕಂಪನಿಯ ಅಧಿಕೃತ ದಾರಿಗಳೆಲ್ಲ ಸೋತಾಗ, ಡಾಟ್‌ನೆಟ್‌ನ ಬೇರು ಸಮೇತ ಕಿತ್ತುಹಾಕುವ ಒಂದು ಕ್ಲೀನಪ್ ಟೂಲ್ ಮಾಡಿ ತಮ್ಮ ಬ್ಲಾಗಿನಲ್ಲಿ ಇಟ್ಟರು. ಜೊತೆಗೆ, ಇದ್ದದ್ದು ಸರಿ ಇದೆಯೋ ನೋಡುವ ಒಂದು ತಪಾಸಣೆ ಟೂಲ್. ಜಗತ್ತಿನ ಎಷ್ಟೋ ರಿಪೇರಿ ಅಂಗಡಿಗಳ ಪೆನ್‌ಡ್ರೈವಿನಲ್ಲಿ ಇವೆರಡು ಇದ್ದವು. ಆಮೇಲೆ ಮೈಕ್ರೋಸಾಫ್ಟೇ ಒಂದು ರಿಪೇರಿ ಟೂಲ್ ಬಿಟ್ಟಿತು. ಆದರೆ ಕ್ಲೀನಪ್ ಟೂಲ್ ಕತ್ತಿಯ ಹಾಗೆ. 4.0, 4.5 ಎಲ್ಲ ವಿಂಡೋಸಿನ ಒಳಗೇ ಬೆರೆತ ಮೇಲೆ ಅದನ್ನು ಕಿತ್ತರೆ ವಿಂಡೋಸಿನ ಕರುಳೂ ಹೊರಗೆ ಬರಬಹುದು. ಇನ್‌ಸ್ಟಾಲರ್ ಗುಮಾಸ್ತನ ಲೆಕ್ಕ ಅಳಿಸುವ ಇನ್ನೊಂದು ಕ್ಲೀನಪ್ ಸಲಕರಣೆಯನ್ನು ಮೈಕ್ರೋಸಾಫ್ಟ್ 2010ರಲ್ಲಿ ವಾಪಸ್ ತೆಗೆದುಕೊಂಡದ್ದೂ ಇಂಥದೇ ಕಾರಣಕ್ಕೆ, ಅದು ಬೇರೆ ಸಾಫ್ಟ್‌ವೇರುಗಳನ್ನು ಕೆಡಿಸುತ್ತಿತ್ತು.

ಇನ್ನು ಕೆಲವು ಕಾರಣಗಳು ಎಷ್ಟು ಸಣ್ಣವು ಅಂದರೆ ನಗು ಬರುತ್ತದೆ. ಮದರ್‌ಬೋರ್ಡಿನ ಗುಂಡು ಬ್ಯಾಟರಿ ಸತ್ತು ತಾರೀಕು ಹಿಂದಕ್ಕೆ ಹೋಗಿದ್ದರೆ ಡಾಟ್‌ನೆಟ್ ಇನ್‌ಸ್ಟಾಲ್ ಆಗದೆ ಹೋಗಬಹುದು, ಯಾಕೆಂದರೆ ಫೈಲಿನ ಡಿಜಿಟಲ್ ಸಹಿ ಇನ್ನೂ ಹುಟ್ಟಿಯೇ ಇಲ್ಲ ಅಂತ ಕಂಪ್ಯೂಟರಿಗೆ ಕಾಣುತ್ತದೆ. ಇಂಟರ್ನೆಟ್ ಕಾಣದ ವಿಂಡೋಸ್ 7 ಯಂತ್ರಕ್ಕೆ 4.7 ಅಥವಾ 4.8 ಹಾಕಲು ಹೋದರೆ ಸರ್ಟಿಫಿಕೇಟಿನ ಸರಪಳಿ ಸಿಗಲಿಲ್ಲ ಅಂತ ನಿಲ್ಲುತ್ತದೆ. ಮೈಕ್ರೋಸಾಫ್ಟಿನ 2011ರ ಮೂಲ ಸರ್ಟಿಫಿಕೇಟನ್ನು ಕೈಯಾರೆ ಹಾಕಿದರೆ ಮುಂದೆ ಹೋಗುತ್ತದೆ. ಸಿ ಡ್ರೈವಿನಲ್ಲಿ ಜಾಗ ಇಲ್ಲ ಅಂತ ವಿಂಡೋಸಿನೊಳಗಿನ ಇನ್‌ಸ್ಟಾಲರ್ ಫೋಲ್ಡರನ್ನು ಯಾರೋ ಡಿಲೀಟ್ ಮಾಡಿರುತ್ತಾರೆ. ಗುಮಾಸ್ತನ ರಶೀದಿಗಳೆಲ್ಲ ಇದ್ದದ್ದು ಅಲ್ಲೇ. ಎರಡು ವರ್ಷ ಕಳೆದು ಅಪ್‌ಡೇಟ್ ಬಂದಾಗ ಅದು ಹಳೆಯ ರಶೀದಿ ಕೇಳುತ್ತದೆ, ಆಗ ಯಾರಿಗೂ ಡಿಲೀಟ್ ಮಾಡಿದ್ದು ನೆನಪಿರುವುದಿಲ್ಲ.

ಈಗ ಬುದ್ಧಿವಾದದ ಬೆಲೆಗೆ ಬರೋಣ. ಅದನ್ನು ಪಾಲಿಸಿದ್ದಕ್ಕೂ ಜನ ದುಡ್ಡು ತೆತ್ತಿದ್ದಾರೆ. 2008ರ ಅಕ್ಟೋಬರಿನಲ್ಲೇ ಪ್ಯಾಚ್ ಬಂದಿದ್ದ ಒಂದು ದೋಷವನ್ನು ಹಿಡಿದುಕೊಂಡು ಮರು ತಿಂಗಳು ಕಾನ್‌ಫಿಕರ್ ಹುಳ ಹೊರಟಿತು, ಪೆನ್‌ಡ್ರೈವಿನ ಮೂಲಕವೂ ಹರಡಿತು. ಅದಕ್ಕಿಂತ ದೊಡ್ಡದು 2017ರ ಮೇ 12ರ ಶುಕ್ರವಾರ ಶುರುವಾದ ವಾನ್ನಾಕ್ರೈ. ಫೈಲುಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್ ಕೇಳುವ ಹುಳ. 150 ದೇಶ, ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಇಲ್ಲಿ ಆಂಧ್ರದ ಪೊಲೀಸ್ ಕಂಪ್ಯೂಟರುಗಳಿಗೆ, ನಮ್ಮ ಪಕ್ಕದ ಕೇರಳದ ವಯನಾಡ್ ಮತ್ತು ಪತ್ತನಂತಿಟ್ಟದ ಪಂಚಾಯತ್ ಕಚೇರಿಗಳಿಗೆ ಬಂತು. ಆ ದೋಷಕ್ಕೆ ಪ್ಯಾಚ್ ಬಂದದ್ದು ಮಾರ್ಚ್ 14ಕ್ಕೆ, ಅಂದರೆ ಎರಡು ತಿಂಗಳ ಮೊದಲೇ.

ಹಳೆಯ ಎಕ್ಸ್‌ಪಿ ಇಟ್ಟುಕೊಂಡವರಿಂದ ಇದೆಲ್ಲ ಆಯಿತು ಅಂತ ಆಗ ಎಲ್ಲರೂ ಬರೆದರು. ಆಮೇಲೆ ಲೆಕ್ಕ ನೋಡಿದಾಗ ಬೇರೆಯೇ ಕಂಡಿತು. ಕ್ಯಾಸ್ಪರ್ಸ್ಕಿ ಸಂಸ್ಥೆಯ ಎಣಿಕೆಯಲ್ಲಿ ಹುಳ ಹಿಡಿದ ಯಂತ್ರಗಳಲ್ಲಿ ಶೇಕಡಾ 98ರಷ್ಟು ವಿಂಡೋಸ್ 7. ಅಂದರೆ ಅಪ್‌ಡೇಟ್ ಸಿಗುತ್ತಿದ್ದ, ಆದರೆ ಹಾಕಿಕೊಳ್ಳದ ಯಂತ್ರಗಳು. ಆಫ್ ಮಾಡಿಟ್ಟವು. ನಮ್ಮ ಬುದ್ಧಿವಾದದ ಯಂತ್ರಗಳೇ ಅನ್ನಿ.

ಅಲ್ಲಿಗೆ ತಜ್ಞರು ಗೆದ್ದರು ಅನ್ನುವಷ್ಟರಲ್ಲಿ 2024ರ ಜುಲೈ 19 ಬಂತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯೇ ಕಳಿಸಿದ ಒಂದು ಅಪ್‌ಡೇಟು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಪರಿಹಾರ ಏನಾಗಿತ್ತು ಗೊತ್ತಾ? ಸೇಫ್ ಮೋಡಿಗೆ ಹೋಗು, ಒಂದು ಫೈಲು ಡಿಲೀಟ್ ಮಾಡು, ರೀಸ್ಟಾರ್ಟ್ ಮಾಡು. ಬಹಳಷ್ಟು ಯಂತ್ರಗಳಲ್ಲಿ ಒಬ್ಬ ಮನುಷ್ಯ ಎದುರಿಗೆ ಕುಳಿತು ಕೈಯಾರೆ ಮಾಡಬೇಕಾಯಿತು. ಮಣ್ಣಗುಡ್ಡದ ಯಾವ ಸರ್ವಿಸ್ ಹುಡುಗನಿಗೂ ಆ ಕೆಲಸ ಹೊಸದಲ್ಲ.

ಸಾಫ್ಟ್‌ವೇರು ಬರೆಯುವವರ ಕಡೆಯೂ ಒಂದು ಬದಲಾವಣೆ ಆಗಿದೆ. ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್ 4.8ರ ಸರಣಿಗೆ ನಿಂತಿದೆ. ಅದರ ಪಕ್ಕದಲ್ಲಿ ಬೆಳೆದು, 2020ರ ನವೆಂಬರಿನಲ್ಲಿ ಡಾಟ್‌ನೆಟ್ 5 ಅಂತ ಬಂದ ಹೊಸ ಸಾಲಿನಲ್ಲಿ, ಬೇಕಾದ ರನ್‌ಟೈಮನ್ನು ಸಾಫ್ಟ್‌ವೇರಿನ ಜೊತೆಗೇ ಕಟ್ಟಿ ಕೊಡಬಹುದು. ಅಡುಗೆಯವರು ಮತ್ತೆ ಕಡಾಯಿ, ಒಲೆ ಟೆಂಪೋದಲ್ಲಿ ಹಾಕಿಕೊಂಡು ಬರತೊಡಗಿದ್ದಾರೆ. ಫೈಲು ದೊಡ್ಡದಾಗುತ್ತದೆ, ಆದರೆ ಈಗ ಫೈಬರ್ ನೆಟ್ ಉಂಟು, ಯಾರಿಗೂ ತೊಂದರೆ ಇಲ್ಲ. 3.5 ಮಾತ್ರ ಇನ್ನೂ ಬದುಕಿದೆ. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2029ರ ಜನವರಿ 9ರ ತನಕ.

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಿಪಿಎಂ 2.0 ಇಲ್ಲದ ಹಳೆಯ ಯಂತ್ರಕ್ಕೆ ವಿಂಡೋಸ್ 11 ಅಧಿಕೃತವಾಗಿ ಹೋಗುವುದಿಲ್ಲ. ಈಗ ಬುದ್ಧಿ ಇರುವ ಅಂಗಡಿಯವರು ಮಾಡುವುದು ಇಷ್ಟು: ನೆಟ್ಟಿಗೆ ಹೋಗುವ, ಬ್ಯಾಂಕ್, ಜಿಎಸ್‌ಟಿ ಕೆಲಸ ಮಾಡುವ ಯಂತ್ರದಲ್ಲಿ ಅಪ್‌ಡೇಟ್ ಆನ್ ಇಡುತ್ತಾರೆ, ಅದಕ್ಕೆ ಮೊದಲು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಪೂರ್ತಿ ಡ್ರೈವಿನ ಇಮೇಜ್ ತೆಗೆಯುತ್ತಾರೆ, ತೆಗೆದ ಇಮೇಜ್ ತೆರೆಯುತ್ತದೋ ನೋಡುತ್ತಾರೆ. ಪೇಜ್‌ಮೇಕರ್, ಡಾಂಗಲ್ ಇರುವ ಹಳೆಯ ಯಂತ್ರವನ್ನು ಒಂದು ಮೂಲೆಯಲ್ಲಿ ಹಾಗೇ ಬಿಟ್ಟಿರುತ್ತಾರೆ, ನೆಟ್‌ವರ್ಕ್ ವೈರು ಎಳೆದು. ಮಾನಿಟರಿನ ಮೇಲೆ ಸ್ಟಿಕ್ಕರ್: ನೆಟ್ ಹಾಕಬೇಡಿ. ಆ ಡಾಂಗಲ್ ಸಾಯುವ ಮೊದಲು ಹಳೆಯ ಫೈಲುಗಳನ್ನು ಯುನಿಕೋಡಿಗೆ ಬದಲಾಯಿಸುವ ಕೆಲಸ ಹೆಚ್ಚಿನ ಕಡೆ ಇನ್ನೂ ಬಾಕಿ. ಹಾಗೆ ಬದಲಾಯಿಸುವಾಗ ಒತ್ತಕ್ಷರಗಳು ಎಲ್ಲೆಲ್ಲಿ ಕೈಕೊಡುತ್ತವೆ, ಅರ್ಕಾವತ್ತು ಎಲ್ಲಿಗೆ ಹೋಗಿ ಕೂರುತ್ತದೆ ಎಂಬ ಕತೆಯನ್ನು ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ. ಅಲ್ಲಿಯ ತನಕ, ನಮಸ್ಕಾರ.